ಲ ಪುಯ್‌ನಿಂದ ಕೋಂಕ್‌ಗೆ ನಡೆದು: ನಿಮ್ಮ ಪ್ರಶ್ನೆ, ನನ್ನ ಉತ್ತರ

ಮಾಸ್ತರಿಕೆಯಿಂದ ನಿವೃತ್ತಿಯಾದ ವರ್ಷ ನಾನೂ ನಮ್ಮ ಮನೆಯವರೂ ಧಾರವಾಡದಿಂದ ಹೊರಟು, ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಹದಿಮೂರು ದಿನ ನಡೆದೆವು. ಆ ಸುದ್ದಿ ಈ ಅಂಕಣದಲ್ಲಿ ಬಂದ ಮೇಲೆ ಪತ್ರಗಳು ಬರುತ್ತಲೇ ಇವೆ. ಕೆಲವಕ್ಕೆ ಇಲ್ಲಿ ಉತ್ತರ ಬರೆದಿದ್ದೇನೆ.

ನಮಗಿಬ್ಬರಿಗೂ ಅರವತ್ತು ದಾಟಿದೆ. ಚಾರಣ ಮಾಡಿ ಗೊತ್ತಿಲ್ಲ, ದಿನಾ ಬೆಳಿಗ್ಗೆ ಒಂದು ಗಂಟೆ ನಡೆಯುತ್ತೇವೆ. ಎಲ್ಲಿಂದ ಶುರು ಮಾಡಲಿ? — ಓದುಗಿ, ಮೈಸೂರು

ಲ ಪುಯ್-ಆಂ-ವಲೇ ಎಂಬ ಊರಿನಿಂದ. ಅಲ್ಲಿಂದ ಕೋಂಕ್ ಎಂಬ ಹಳ್ಳಿಯವರೆಗೆ ಸುಮಾರು 200 ಕಿಲೋಮೀಟರ್. ಇದು ಸ್ಪೇನಿನ ಸಾಂತಿಯಾಗೊಗೆ ಹೋಗುವ ಹಳೆಯ ಪಾದಯಾತ್ರೆಯ ದಾರಿಯ ಮೊದಲ ತುಂಡು. ಲ ಪುಯ್‌ನ ಬಿಷಪ್ ಗೊಡೆಸ್ಕಾಲ್ಕ್ 950ರಲ್ಲೇ ಅಲ್ಲಿಗೆ ಹೊರಟಿದ್ದ. ಈಗ ಅದಕ್ಕೆ ಜಿ.ಆರ್. 65 ಅಂತ ನಂಬರು. ಜಿ.ಆರ್. ಅಂದರೆ ದೂರದ ನಡಿಗೆಯ ದಾರಿ.

ಬೆಟ್ಟ ಹತ್ತುವ ಸಾಹಸ ಇದಲ್ಲ. ಹಗ್ಗ ಬೇಡ, ಟೆಂಟ್ ಬೇಡ. ಹೊಲದ ಬದು, ಕಾಡಿನ ಕಾಲುದಾರಿ, ನಡುನಡುವೆ ಒಂದಿಷ್ಟು ಡಾಂಬರು, ಸಂಜೆಗೆ ಒಂದು ಹಳ್ಳಿ. ಹಾಗಂತ ಹಗುರವಾಗಿ ತಗೋಬೇಡಿ. ಎರಡನೇ ದಿನ ಸ್ಯಾಂ-ಪ್ರಿವಾದಿಂದ ಮೋನಿಸ್ತ್ರೋಲ್‌ಗೆ, ಅಲಿಯೇ ನದಿಯ ಕಮರಿಗೆ ಇಳಿಯಬೇಕು. ನನ್ನ ಮಂಡಿ ಬುದ್ಧಿ ಕಲಿತದ್ದು ಅಲ್ಲೇ. ಇಳಿದಷ್ಟೂ ಆಚೆ ದಂಡೆಯಲ್ಲಿ ಮತ್ತೆ ಹತ್ತಬೇಕು. ಊರುಗೋಲು ಎರಡು ಇರಲಿ, ಒಂದಲ್ಲ.

ಪುಸ್ತಕಗಳು ಇದನ್ನು ಹತ್ತು ದಿನದ ದಾರಿ ಅನ್ನುತ್ತವೆ. ನೀವು ಹದಿಮೂರು ಮಾಡಿಕೊಳ್ಳಿ. ಹೊರಡುವ ಮೊದಲು ಎರಡು ತಿಂಗಳು, ವಾರಕ್ಕೊಮ್ಮೆ ಚೀಲ ಹೊತ್ತುಕೊಂಡೇ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ, ಇಳಿಯಿರಿ. ಇಳಿಯುವುದೇ ಮುಖ್ಯ. ಮೇ, ಜೂನ್, ಸೆಪ್ಟೆಂಬರ್ ಒಳ್ಳೆಯ ಕಾಲ. ಚಳಿಗಾಲದಲ್ಲಿ, ದಾರಿಯ ನಡುವೆ ಸಿಗುವ ಓಬ್ರಾಕ್ ಎಂಬ ಎತ್ತರದ ಬಯಲಿನ ಮೇಲೆ ಹಿಮ ಇರುತ್ತದೆ.

ನಾವು ಶುದ್ಧ ಸಸ್ಯಾಹಾರಿಗಳು. ಹಳ್ಳಿಗಳಲ್ಲಿ ಊಟ ಸಿಗುತ್ತದಾ? — ಓದುಗರು, ದಾವಣಗೆರೆ

ಅತಿ ಹೆಚ್ಚು ಪತ್ರ ಬಂದದ್ದು ಇದರ ಬಗ್ಗೆಯೇ. ಮೊದಲು ಕೆಟ್ಟ ಸುದ್ದಿ ಹೇಳಿಬಿಡುತ್ತೇನೆ. ಇದು ದನದ ಮಾಂಸಕ್ಕೆ ಹೆಸರಾದ ಸೀಮೆ. ನಡೆಯುವವರು ತಂಗುವ ಮನೆಗಳಿಗೆ ಅಲ್ಲಿ ‘ಜೀತ್’ ಅನ್ನುತ್ತಾರೆ. ಒಂದು ಜೀತ್‌ನಲ್ಲಿ, ಊರಿನ ಹೆಸರು ಬೇಡ, ಸಸ್ಯಾಹಾರಿ ಅಂತ ಮೊದಲೇ ಬರೆದು ತಿಳಿಸಿದ್ದೆ. ಬಂದದ್ದು ಲ ಪುಯ್‌ನ ಹೆಸರಾಂತ ಹಸಿರು ಬೇಳೆಯ ಸಲಾಡು. ಎರಡು ಚಮಚ ತಿಂದ ಮೇಲೆ ನೋಡಿದರೆ ಒಳಗೆ ಹಂದಿಮಾಂಸದ ಸಣ್ಣ ಚೂರು! ಆ ಅಮ್ಮನಿಗೆ ಮೋಸದ ಮನಸ್ಸೇನೂ ಇರಲಿಲ್ಲ. ಆಕೆಯ ಲೆಕ್ಕದಲ್ಲಿ ಅದು ಮಾಂಸವಲ್ಲ, ಒಗ್ಗರಣೆ.

ಅದಕ್ಕೇ ‘ಸಸ್ಯಾಹಾರಿ’ ಅನ್ನುವ ಪದ ಒಂದೇ ಸಾಲದು. ‘ನಿ ವಿಯಾಂದ್, ನಿ ಪುವಾಸೋಂ, ನಿ ಲಾರ್ದೋಂ’ ಅನ್ನಿ. ಮಾಂಸವೂ ಬೇಡ, ಮೀನೂ ಬೇಡ, ಆ ಹಂದಿ ಚೂರೂ ಬೇಡ ಅಂತ ಅರ್ಥ. ಮೊಟ್ಟೆ ತಿನ್ನದಿದ್ದರೆ ‘ಸಾಂ-ಜ಼್ಯೋ’ ಅಂತ ಸೇರಿಸಿ. ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಇನ್ನೂ ವಾಸಿ, ಯಾಕಂದ್ರೆ ನಮ್ಮ ಉಚ್ಚಾರ ಅವರಿಗೆ ಅರ್ಥವಾಗುವಷ್ಟರಲ್ಲಿ ಊಟ ಆರಿರುತ್ತದೆ. ಸೂಪಿನ ಬಗ್ಗೆ ಬೇರೆಯಾಗಿಯೇ ಕೇಳಿ. ನೀರು ಮಾಂಸ ಬೇಯಿಸಿದ್ದಿರಬಹುದು. ಗಿಣ್ಣಿನ, ಅಂದರೆ ಚೀಸ್‌ನ, ವಿಷಯವೂ ಹೇಳಬೇಕು. ಅಲ್ಲಿನ ಸಾಂಪ್ರದಾಯಿಕ ಗಿಣ್ಣಿಗೆ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕುತ್ತಾರೆ. ತಿನ್ನುವುದು ಬಿಡುವುದು ನಿಮಗೆ ಬಿಟ್ಟದ್ದು. ನಾನು ತಿಂದೆ. ನಮ್ಮ ಮನೆಯವರು ತಿನ್ನಲಿಲ್ಲ.

ತಿಂದವಳಿಗೆ ಸಿಕ್ಕಿದ್ದು ಅಲಿಗೋ. ಬೇಯಿಸಿ ಕಿವುಚಿದ ಆಲೂಗಡ್ಡೆ, ಬೆಣ್ಣೆ, ಬೆಳ್ಳುಳ್ಳಿ, ಜೊತೆಗೆ ‘ತೋಮ್’ ಅನ್ನುವ ಎಳೆಯ ಗಿಣ್ಣು. ಇವನ್ನು ಮರದ ಸೌಟಿನಿಂದ ತಿರುವುತ್ತಲೇ ಇರುತ್ತಾರೆ. ಸೌಟು ಎತ್ತಿದರೆ ಒಂದು ಮೊಳ ಎಳೆ ಬರುತ್ತದೆ. ಹಿಂದೆ ಓಬ್ರಾಕ್‌ನ ಸನ್ಯಾಸಿಗಳು ಯಾತ್ರಿಕರಿಗೆ ಹಾಕುತ್ತಿದ್ದ ಊಟ ಇದೇ ಅಂತ ಅಲ್ಲಿಯವರು ಹೇಳುತ್ತಾರೆ. ಪಕ್ಕದಲ್ಲಿ ಸಾಸೇಜ್ ಇಟ್ಟೇ ಕೊಡುವುದು ರೂಢಿ, ಬೇಡ ಅಂತ ಮೊದಲೇ ಹೇಳಿ.

ಶೇಂಗಾ ಚಟ್ನಿಪುಡಿ ಒಯ್ಯಿರಿ. ಬೆಣ್ಣೆ ಸವರಿದ ಬ್ರೆಡ್ಡಿನ ಮೇಲೆ ಉದುರಿಸಿದರೆ ಅರ್ಧ ಹೊಟ್ಟೆ ಅಲ್ಲೇ ತುಂಬುತ್ತದೆ. ಆದರೆ ಧಾರವಾಡ ಪೇಡೆ ಬೇಡ. ಹೊರದೇಶದಿಂದ ಹಾಲಿನ ಪದಾರ್ಥ ತರಲು ಯುರೋಪಿನ ನಿಯಮದಲ್ಲಿ ಅವಕಾಶವಿಲ್ಲ. ನಾನು ಒಂದು ಡಬ್ಬಿ ಪೇಡೆಯನ್ನು ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ಕೂತು ಹಂಚಿ ಮುಗಿಸಬೇಕಾಯಿತು. ಇನ್ನೊಂದು, ಹಳ್ಳಿಯ ಅಂಗಡಿಗಳು ಮಧ್ಯಾಹ್ನ ಹನ್ನೆರಡಕ್ಕೆ ಬಾಗಿಲು ಹಾಕುತ್ತವೆ. ಸೋಮವಾರ ಎಷ್ಟೋ ಅಂಗಡಿ ತೆರೆಯುವುದೇ ಇಲ್ಲ. ಹಣ್ಣು, ಬ್ರೆಡ್ಡು ಬೆಳಿಗ್ಗೆಯೇ ತಗೊಳ್ಳಿ.

ಭಾಷೆ ಬಾರದೆ ದಾರಿ ತಪ್ಪಿದರೆ? — ಓದುಗರು, ಶಿರಸಿ

ತಪ್ಪುವುದು ಕಷ್ಟ. ಆದರೂ ನಾವು ತಪ್ಪಿದೆವು.

ಮರದ ಮೇಲೆ, ಕಲ್ಲಿನ ಮೇಲೆ, ಕರೆಂಟು ಕಂಬದ ಮೇಲೆ ಬಣ್ಣದ ಎರಡು ಪಟ್ಟಿ ಬಳಿದಿರುತ್ತಾರೆ. ಮೇಲೆ ಬಿಳಿ, ಕೆಳಗೆ ಕೆಂಪು. ದೇಶದ ಎಲ್ಲ ಜಿ.ಆರ್. ದಾರಿಗಳಿಗೂ ಇದೇ ಗುರುತು, 1947ರಿಂದ ಶುರುವಾದದ್ದು. ಅದೇ ಬಿಳಿ-ಕೆಂಪು ಅಡ್ಡಗೆರೆಗಳು ಕತ್ತರಿಯ ಹಾಗಿದ್ದರೆ ಈ ದಾರಿ ಅಲ್ಲ ಅಂತ. ಸ್ಯಾಂ-ಶೇಲಿಯಿಂದ ಇಳಿಯುವಾಗ ಮಗನ ಮದುವೆಯ ವಿಷಯಕ್ಕೆ ನಾವಿಬ್ಬರೂ ಜಗಳ ಆಡುತ್ತಾ ಆ ಕತ್ತರಿಯನ್ನು ದಾಟಿಬಿಟ್ಟೆವು. ಎರಡು ಕಿಲೋಮೀಟರ್ ಆದ ಮೇಲೆ ಟ್ರ್ಯಾಕ್ಟರಿನಲ್ಲಿ ಬಂದ ಅಜ್ಜ ಒಬ್ಬರು ನಿಲ್ಲಿಸಿ, ಏನೂ ಕೇಳದೆ, ಬಂದ ದಿಕ್ಕಿಗೇ ಕೈ ತೋರಿಸಿದರು. ನಮ್ಮ ಹಾಗೆ ಜಗಳ ಆಡುತ್ತಾ ಬಂದವರು ಎಷ್ಟು ಜನರೋ.

ನೂರಿನ್ನೂರು ಹೆಜ್ಜೆಗೂ ಪಟ್ಟಿ ಕಾಣದಿದ್ದರೆ ಮುಂದೆ ಹೋಗಬೇಡಿ. ಕೊನೆಯ ಪಟ್ಟಿ ಕಂಡಲ್ಲಿಗೆ ವಾಪಸ್ ಬನ್ನಿ. ಎದುರು ಸಿಕ್ಕವರಿಗೆ ಮೊದಲು ‘ಬೋಂಜ಼ೂರ್’, ಆಮೇಲೆ ಪ್ರಶ್ನೆ. ನಮಸ್ಕಾರ ಹೇಳದೆ ದಾರಿ ಕೇಳಿದರೆ ಮುಖ ಬಿಗಿಯುತ್ತದೆ, ನಮ್ಮಲ್ಲೂ ಹಾಗೇ ಅಲ್ವಾ. ಕುಡಿಯುವ ನೀರು ಮುಗಿದರೆ ಸ್ಮಶಾನ ಹುಡುಕಿ. ನಗಬೇಡಿ, ಅಲ್ಲಿ ಹೂಗಿಡಗಳಿಗೆ ನಲ್ಲಿ ಇರುತ್ತದೆ. ‘ನೋಂ ಪೊತಾಬ್ಲ್’ ಅಂತ ಬೋರ್ಡು ಇದ್ದರೆ ಮಾತ್ರ ಕುಡಿಯಬೇಡಿ.

ಮಂಜಿನ ಬಗ್ಗೆ ಹೇಳಲೇಬೇಕು. ನಾಸ್ಬಿನಾಲ್ ದಾಟಿದ ಮೇಲೆ ಓಬ್ರಾಕ್ ಬಯಲು ಎತ್ತರಕ್ಕೆ ಏರುತ್ತದೆ, 1,300 ಮೀಟರಿಗೂ ಮೇಲೆ. ಮರ ಇಲ್ಲ. ಹುಲ್ಲು, ಕಲ್ಲು ಪೇರಿಸಿದ ಗೋಡೆ, ಕಾಡಿಗೆ ತೀಡಿದ ಕಣ್ಣಿನ ಕಂದು ಹಸುಗಳು. ನಾವು ಹೋದ ದಿನ ಹತ್ತು ಮಾರು ಮುಂದೆ ಕಾಣಲಿಲ್ಲ, ಹಸುವಿನ ಗಂಟೆ ಮಾತ್ರ ಕೇಳುತ್ತಿತ್ತು. 12ನೇ ಶತಮಾನದಲ್ಲಿ ಇಲ್ಲಿ ಯಾತ್ರಿಕರಿಗಾಗಿ ಮಠ, ಆಸ್ಪತ್ರೆ ಕಟ್ಟಿದರು. ಮಂಜು ಕವಿದಾಗ ಒಂದು ದೊಡ್ಡ ಗಂಟೆ ಬಾರಿಸುತ್ತಿದ್ದರಂತೆ. ಅದರ ಹೆಸರೇ ‘ಕಳೆದುಹೋದವರ ಗಂಟೆ’. ನಾವು ಗೋಡೆ ಹಿಡಿದುಕೊಂಡು ನಡೆದೆವು. ದಾರಿಯಲ್ಲಿ ಹುಲ್ಲುಗಾವಲಿನ ಗೇಟು ತೆಗೆದರೆ ಮತ್ತೆ ಹಾಕಿ. ಕರು ಇರುವ ಹಸುವಿನ ಹತ್ತಿರ ಫೋಟೋಗೆ ಹೋಗಬೇಡಿ.

ಒಬ್ಬಳೇ ಹೋಗಬಹುದಾ? — ಓದುಗಿ, ಬೆಂಗಳೂರು

ಹೋಗಬಹುದು. ಒಬ್ಬರೇ ನಡೆಯುವ ಹೆಂಗಸರು ದಿನಾ ಸಿಗುತ್ತಿದ್ದರು. ಸಂಜೆ ಏಳಕ್ಕೆ ಎಲ್ಲರೂ ಒಂದೇ ಮೇಜಿಗೆ ಊಟಕ್ಕೆ ಕೂರುವುದರಿಂದ ಎರಡನೇ ದಿನಕ್ಕೇ ಪರಿಚಯವಾಗುತ್ತದೆ. ಹೆದರಿಕೆಯ ಕಥೆ ಒಂದಿದೆ, ಆದರೆ ಹಳೆಯದು: ದಾರಿಯಲ್ಲಿ ಸಿಗುವ ಸೊಗ್ ಊರಿನ ಸುತ್ತ 1764ರಿಂದ 1767ರವರೆಗೆ ಒಂದು ಮೃಗ ಎಷ್ಟೋ ಜನರನ್ನು ಕೊಂದಿತ್ತು. ಈಗ ಅದು ಮ್ಯೂಸಿಯಂನಲ್ಲಿ ಗೊಂಬೆಯಾಗಿದೆ. ತುರ್ತಿಗೆ 112. ಶರತ್ಕಾಲದಲ್ಲಿ ಬೇಟೆ ಶುರುವಾಗುತ್ತದೆ, ಎದ್ದು ಕಾಣುವ ಬಣ್ಣದ ಬಟ್ಟೆ ಹಾಕಿ.

ವೀಸಾ, ಸಾಮಾನು? — ಓದುಗರು, ಹುಬ್ಬಳ್ಳಿ

ಶೆಂಗೆನ್ ವೀಸಾ ಬೇಕು. ಕನಿಷ್ಠ 30,000 ಯುರೋ ಮೊತ್ತದ ಪ್ರಯಾಣದ ವೈದ್ಯಕೀಯ ವಿಮೆ, ಪ್ರತಿ ರಾತ್ರಿ ಎಲ್ಲಿ ತಂಗುತ್ತೀರಿ ಅನ್ನುವುದಕ್ಕೆ ಕಾಗದ. ಜೀತ್‌ನವರು ಕಳಿಸುವ ಇ-ಮೇಲ್ ತೆಗೆದಿಡಿ. ಸಾಮಾನು ಒಂದು ಊರಿನಿಂದ ಮುಂದಿನ ಊರಿಗೆ ಒಯ್ಯುವ ವ್ಯಾನುಗಳಿವೆ, ನಾವು ಐದನೇ ದಿನದಿಂದ ಅದಕ್ಕೇ ಶರಣಾದೆವು. ನಮ್ಮ ಮನೆಯವರು ಇಸ್ತ್ರಿ ಮಾಡಿದ ಆರು ಅಂಗಿ ತಂದಿದ್ದರು. ಎರಡು ಸಾಕು.

ಕೋಂಕ್ ಮುಟ್ಟಿದ ಮೇಲೆ ಏನು ನೋಡಬೇಕು? — ಓದುಗರು, ಕಲಬುರಗಿ

ಇಡೀ ಹಳ್ಳಿಯೇ ನೋಡುವಂಥದ್ದು. ಕಪ್ಪಿಟ್ಟ ಕಲ್ಲುಹಲಗೆಯ ಮಾಡುಗಳು ಇಳಿಜಾರಿಗೆ ಒಂದರ ಮೇಲೊಂದು ಕೂತಿವೆ. ನಡುವೆ, ನಂಬಿಕೆಗಾಗಿ ಪ್ರಾಣ ಕೊಟ್ಟ ಹುಡುಗಿ ಸೇಂಟ್ ಫುವಾಳ ದೊಡ್ಡ ಇಗರ್ಜಿ. ಈ ಹುಡುಗಿಯ ಅಸ್ಥಿ ಮೊದಲು ಅಜಾಂ ಊರಿನಲ್ಲಿತ್ತು. 9ನೇ ಶತಮಾನದಲ್ಲಿ ಕೋಂಕ್‌ನ ಸನ್ಯಾಸಿಯೊಬ್ಬ ಅಲ್ಲಿಗೆ ಹೋಗಿ, ವರ್ಷಗಟ್ಟಲೆ ಇದ್ದು, ಎಲ್ಲರ ನಂಬಿಕೆ ಗಳಿಸಿ, ಒಂದು ರಾತ್ರಿ ಕದ್ದು ತಂದನಂತೆ. ಆಮೇಲೆ ಯಾತ್ರಿಕರು ಕೋಂಕ್ ದಾರಿ ಹಿಡಿದರು.

ಒಳಗಿನ 104 ಕಿಟಕಿಗಳಿಗೆ ಬಣ್ಣವಿಲ್ಲದ ಗಾಜು. 1994ರಲ್ಲಿ ಹಾಕಿದ್ದು, ಮಾಡಿದವರು ಹತ್ತಿರದ ರೊದೆಸ್‌ನಲ್ಲಿ ಹುಟ್ಟಿದ ಕಲಾವಿದ ಪಿಯೆರ್ ಸುಲಾಜ್. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹೋಗಿ ಕೂತುಕೊಳ್ಳಿ. ಅದೇ ಗಾಜು ಬೆಳಿಗ್ಗೆ ನೀಲಿ, ಸಂಜೆ ಕಿತ್ತಳೆ ಕಂಡಿತು ನನಗೆ.

ಬಾಗಿಲ ಮೇಲೆ ಕೊನೆಯ ತೀರ್ಪಿನ ದಿನದ ಕೆತ್ತನೆ ಇದೆ, ನೂರಕ್ಕೂ ಹೆಚ್ಚು ಆಕೃತಿ. ಎಲ್ಲರೂ ನರಕದ ಕಡೆಯನ್ನೇ ಜಾಸ್ತಿ ಹೊತ್ತು ನೋಡುತ್ತಾರೆ, ನಾನೂ ಅಷ್ಟೇ. ಆದರೆ ಕಮಾನಿನ ಹೊರ ಅಂಚನ್ನು ಬಿಡಬೇಡಿ. ಅಲ್ಲಿ ಪುಟ್ಟ ಮುಖಗಳು ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಮೂಗಿನವರೆಗಷ್ಟೇ ಇಣುಕುತ್ತಿವೆ. ನನ್ನ ಕ್ಲಾಸಿನ ಕೊನೆ ಬೆಂಚಿನವರ ಹಾಗೆ.

ಕೋಂಕ್‌ನಲ್ಲಿ ರೈಲು ಇಲ್ಲ. ರೊದೆಸ್‌ಗೆ ಬಸ್ಸು ದಿನಕ್ಕೆ ಕಡಿಮೆ. ಹೊರಡುವ ಹಿಂದಿನ ಸಂಜೆಯೇ ಪ್ರವಾಸಿ ಕಚೇರಿಯಲ್ಲಿ ಸಮಯ ಕೇಳಿ ಬರೆದುಕೊಳ್ಳಿ.