ಬೆಳಗಿನ ಮಾತ್ರೆ, ಕೋಶದೊಳಗಿನ ಗಡಿಯಾರ

ಪ್ರಶ್ನೆ: ಸಂಧಿವಾತಕ್ಕೆ ಪ್ರೆಡ್ನಿಸೋಲೋನ್ ಮಾತ್ರೆ ನುಂಗುತ್ತಿದ್ದೇನೆ. ಬೆಳಿಗ್ಗೆ ತಿಂಡಿಯಾದ ಮೇಲೆಯೇ ತೆಗೆದುಕೊಳ್ಳಬೇಕು ಎಂದು ವೈದ್ಯರು ಒತ್ತಿ ಹೇಳಿದ್ದಾರೆ. ಇದಕ್ಕೂ ದೇಹದ ಗಡಿಯಾರಕ್ಕೂ ಸಂಬಂಧವಿದೆಯಂತೆ. ನಿಜವೇ?

ಉತ್ತರ: ನಿಜ. ತಿಂಡಿಯ ಮಾತು ಹೊಟ್ಟೆಯ ಹಿತಕ್ಕೆ. ಬೆಳಗಿನ ಮಾತಿಗೆ ಕಾರಣ ಬೇರೆ. ನಮ್ಮ ದೇಹವೇ ತಯಾರಿಸುವ ಕಾರ್ಟಿಸಾಲ್ ಎಂಬ ಹಾರ್ಮೋನು ನಸುಕಿನಲ್ಲಿ ಏರತೊಡಗಿ, ಏಳುವ ಹೊತ್ತಿಗೆ ತುದಿ ಮುಟ್ಟುತ್ತದೆ. ನಿಮ್ಮ ಮಾತ್ರೆಯೂ ಅದೇ ಕುಲದ್ದು, ಹಾಗಾಗಿ ಅದೂ ಆ ಹೊತ್ತಿಗೇ ಬರುವುದು ಒಳ್ಳೆಯದು. ಕೋಶದೊಳಗೆ ಎರಡಕ್ಕೂ ಗ್ರಾಹಕ, ಅಂದರೆ ಅವನ್ನು ಹಿಡಿದುಕೊಳ್ಳುವ ಪ್ರೋಟೀನು, ಒಂದೇ. ಅಣು ಅಂಟಿಕೊಂಡೊಡನೆ ಆ ಗ್ರಾಹಕ ಕೋಶಕೇಂದ್ರಕ್ಕೆ ಹೋಗಿ ನೇರವಾಗಿ ಡಿಎನ್‌ಎ ಮೇಲೆ ಕೂರುತ್ತದೆ. ಪಿರಿಯಡ್-1 ಎಂಬ ಗಡಿಯಾರದ ಜೀನಿನ ಬಳಿಯೂ ಅದಕ್ಕೆ ಜಾಗವಿದೆ. ಅಲ್ಲಿ ಕೂತರೆ ಆ ಜೀನ್ ಚುರುಕಾಗಿ, ಗಡಿಯಾರದ ಮುಳ್ಳು ಸರಿಯುತ್ತದೆ.

2000ರಲ್ಲಿ ಜಿನೀವಾದ ಊಲಿ ಶಿಬ್ಲರ್ ಅವರ ತಂಡ ಇಲಿಗಳಿಗೆ ಇದೇ ಕುಲದ ಡೆಕ್ಸಾಮೆಥಾಸೋನ್ ಎಂಬ ಔಷಧ ಕೊಟ್ಟು ನೋಡಿತು. ಯಕೃತ್ತು, ಮೂತ್ರಪಿಂಡ, ಹೃದಯಗಳ ಗಡಿಯಾರ ಸರಿಯಿತು. ಮಿದುಳಿನ ಮುಖ್ಯ ಗಡಿಯಾರ ಕದಲಲಿಲ್ಲ. ಅಲ್ಲಿನ ನರಕೋಶಗಳಲ್ಲಿ ಆ ಗ್ರಾಹಕವೇ ಇಲ್ಲ! ಹೊತ್ತಲ್ಲದ ಹೊತ್ತಿನ ಔಷಧ ಒಂದೇ ದೇಹದಲ್ಲಿ ಎರಡು ಸಮಯ ಹುಟ್ಟಿಸಬಲ್ಲದು ಎಂಬುದು ನನಗೆ ಈಗಲೂ ಬೆರಗು.

ಇದು ಹೊರಗಿನಿಂದ ಬಂದ ತಳ್ಳು. ಗಡಿಯಾರದ ಒಳಯಂತ್ರದಲ್ಲೂ ಇದೇ ಕುಟುಂಬದ ಗ್ರಾಹಕಗಳಿವೆ, ನನ್ನ ಮೆಚ್ಚಿನ ಭಾಗವೇ ಅದು. ಬಿಮ್ಯಾಲ್-1 ಎಂಬ ಮುಖ್ಯ ಜೀನಿನ ಮುಂಭಾಗದಲ್ಲಿ ಎ-ಜಿ-ಜಿ-ಟಿ-ಸಿ-ಎ ಎಂಬ ಆರು ಅಕ್ಷರಗಳಿರುವ ಪುಟ್ಟ ಪೀಠವಿದೆ. ಅದಕ್ಕೆ ರೋರ್ ಮತ್ತು ರೆವ್-ಎರ್ಬ್ ಎಂಬ ಎರಡು ಗ್ರಾಹಕಗಳ ಪೈಪೋಟಿ. ರೋರ್ ಕೂತರೆ ಜೀನ್ ನಡೆಯುತ್ತದೆ, ರೆವ್-ಎರ್ಬ್ ಕೂತರೆ ನಿಲ್ಲುತ್ತದೆ. ಜೀನನ್ನು ನಡೆಸುವ ಸಹಾಯಕರನ್ನು ಹಿಡಿದುಕೊಳ್ಳಬೇಕಾದ ತುದಿಯ ಸುರುಳಿ ರೆವ್-ಎರ್ಬ್‌ಗೆ ಇಲ್ಲವೇ ಇಲ್ಲ. ಬದಲಿಗೆ ಅದು ಡಿಎನ್‌ಎಯನ್ನು ಬಿಗಿಯಾಗಿ ಸುತ್ತಿಡುವ ಕಿಣ್ವಗಳನ್ನು ಕರೆತರುತ್ತದೆ. ಆ ರೆವ್-ಎರ್ಬ್ ತಯಾರಾಗಲು ಅಪ್ಪಣೆ ಕೊಡುವುದು ಮತ್ತೆ ಅದೇ ಜೀನಿನಿಂದ ಹುಟ್ಟುವ ಬಿಮ್ಯಾಲ್-1 ಪ್ರೋಟೀನೇ, ಕ್ಲಾಕ್ ಎಂಬ ಜೊತೆಗಾರನೊಡನೆ. ತನ್ನ ಬಾಯಿಗೆ ತಾನೇ ಬೀಗ ಹಾಕಿಕೊಂಡ ಹಾಗೆ. ರೆವ್-ಎರ್ಬ್ ಕರಗಿದಾಗ ಬೀಗ ತೆರೆಯುತ್ತದೆ. ಸುಮಾರು 24 ಗಂಟೆಗೆ ಒಂದು ಸುತ್ತು.

ಸಂಧಿವಾತಕ್ಕೆ ಮಲಗುವಾಗ ನುಂಗಿ, ನಸುಕಿಗೆ ಔಷಧ ಬಿಡುವಂತೆ ತಯಾರಿಸಿದ ವಿಶೇಷ ಮಾತ್ರೆಯೂ ಇದೆ. ನಿಮ್ಮದು ಸಾಮಾನ್ಯ ಮಾತ್ರೆಯಾದರೆ ಬೆಳಗಿನ ಹೊತ್ತೇ ಸರಿ. ರಾತ್ರಿ ಪಾಳಿಯಲ್ಲಿ ದುಡಿಯುವವರಾದರೆ ವೈದ್ಯರಿಗೆ ತಪ್ಪದೆ ತಿಳಿಸಿ. ನೀವಾಗಿಯೇ ಹೊತ್ತು ಬದಲಿಸಬೇಡಿ, ಥಟ್ಟನೆ ನಿಲ್ಲಿಸಲೂಬೇಡಿ: ಬಹಳ ದಿನ ಈ ಮಾತ್ರೆ ತೆಗೆದುಕೊಂಡವರ ಅಡ್ರಿನಲ್ ಗ್ರಂಥಿಗೆ ಮತ್ತೆ ತಾನೇ ಕಾರ್ಟಿಸಾಲ್ ತಯಾರಿಸಲು ಕಾಲ ಬೇಕು.