ಪಕ್ಕದ ರಾಜ್ಯದ ಪೊಲೀಸರು ನಮ್ಮ ಊರಿಗೆ ಬಂದು ಬಂಧಿಸಬಹುದೇ? ನಮ್ಮ ಠಾಣೆ ಅವರಿಗೆ ನೆರವಾಗಲೇಬೇಕೇ?

ನೀವು ಕೇಳಿರುವುದು ಇಷ್ಟು: ನೀವು ಗಡಿ ತಾಲ್ಲೂಕಿನವರು, ನಿಮ್ಮ ಸಂಬಂಧಿಕರೊಬ್ಬರನ್ನು ಪಕ್ಕದ ರಾಜ್ಯದ ಪೊಲೀಸರು ವಿಚಾರಣೆಗೆಂದು ಕರೆದುಕೊಂಡು ಹೋದರು, ನಿಮ್ಮ ಠಾಣೆಯಲ್ಲಿ ವಿಚಾರಿಸಿದರೆ ನಮಗೆ ಗೊತ್ತೇ ಇಲ್ಲ ಎಂದರು. ಹೀಗೆ ಬರಲು ಅವರಿಗೆ ಅಧಿಕಾರವಿದೆಯೇ, ಎರಡು ರಾಜ್ಯಗಳ ಪೊಲೀಸರು ಒಬ್ಬರಿಗೊಬ್ಬರು ನೆರವಾಗಬೇಕೆಂಬ ಕಾನೂನು ಇದೆಯೇ, ಅಥವಾ ಎಲ್ಲವೂ ಅಧಿಕಾರಿಗಳ ಪರಿಚಯದ ಮೇಲೆ ನಡೆಯುತ್ತದೆಯೇ ಎಂಬುದು ನಿಮ್ಮ ಸಂಶಯ. ನಾನು ಕರ್ನಾಟಕ–ತಮಿಳುನಾಡು ಗಡಿಯ ಠಾಣೆಗಳಲ್ಲಿ ಬಹುಕಾಲ ಕೆಲಸ ಮಾಡಿ ಸಬ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತನಾದವನು. ಕಾನೂನು ಏನು ಹೇಳುತ್ತದೆ, ನೆಲದ ಮೇಲೆ ಏನು ನಡೆಯುತ್ತದೆ ಎಂಬ ಎರಡನ್ನೂ ಹೇಳುತ್ತೇನೆ.

ಮೊದಲನೆಯದಾಗಿ, ಅವರಿಗೆ ಅಧಿಕಾರವಿದೆ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಪೊಲೀಸ್ ಎಂಬುದು ರಾಜ್ಯ ಪಟ್ಟಿಗೆ ಸೇರಿದೆ. ಒಂದು ರಾಜ್ಯದ ಪೊಲೀಸ್ ಬಲದ ಅಧಿಕಾರವನ್ನು ಇನ್ನೊಂದು ರಾಜ್ಯಕ್ಕೆ ವಿಸ್ತರಿಸಬೇಕಾದರೆ ಆ ರಾಜ್ಯ ಸರ್ಕಾರದ ಒಪ್ಪಿಗೆ ಬೇಕೆಂದು ಕೇಂದ್ರ ಪಟ್ಟಿಯ 80ನೇ ನಮೂದು ಹೇಳುತ್ತದೆ. ಇದನ್ನಷ್ಟೇ ಓದಿದವರು, ಹೊರ ರಾಜ್ಯದ ಪೊಲೀಸರು ಗಡಿ ದಾಟುವುದೇ ತಪ್ಪು ಎಂದು ವಾದಿಸುವುದುಂಟು. ಆದರೆ ಬಂಧನ, ಶೋಧನೆ, ತನಿಖೆಗಳ ವಿಧಾನ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿದ್ದು, ಅದಕ್ಕೆ ಇಡೀ ದೇಶಕ್ಕೆ ಅನ್ವಯಿಸುವ ಕಾನೂನಿದೆ. ಹಿಂದೆ ಅದು 1973ರ ದಂಡ ಪ್ರಕ್ರಿಯಾ ಸಂಹಿತೆಯಾಗಿತ್ತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ವಾರಂಟ್ ಇಲ್ಲದೆ ಬಂಧಿಸಬಹುದಾದ ವ್ಯಕ್ತಿಯನ್ನು ಪೊಲೀಸ್ ಅಧಿಕಾರಿಯು ಭಾರತದ ಯಾವುದೇ ಸ್ಥಳಕ್ಕೆ ಬೆನ್ನಟ್ಟಿ ಹೋಗಬಹುದು ಎಂದು ಅದರ 45ನೇ ಕಲಂ ಹೇಳುತ್ತದೆ. ವಾರಂಟ್ ಇದ್ದರೆ ಅದನ್ನು ದೇಶದ ಯಾವ ಮೂಲೆಯಲ್ಲಾದರೂ ಜಾರಿ ಮಾಡಬಹುದೆಂದು 79ನೇ ಕಲಂ ಹೇಳುತ್ತದೆ.

ಇನ್ನು ನೆರವಿನ ಮಾತು. ನ್ಯಾಯಾಲಯದ ವ್ಯಾಪ್ತಿಯಾಚೆ ವಾರಂಟ್ ಜಾರಿ ಮಾಡಬೇಕಾದ ಅಧಿಕಾರಿಯು ಸಾಮಾನ್ಯವಾಗಿ ಅಲ್ಲಿನ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಂದಲೋ ಠಾಣಾಧಿಕಾರಿಯ ದರ್ಜೆಗೆ ಕಡಿಮೆಯಿಲ್ಲದ ಪೊಲೀಸ್ ಅಧಿಕಾರಿಯಿಂದಲೋ ವಾರಂಟಿನ ಮೇಲೆ ಹಿಂಬರಹ, ಎಂದರೆ ಇಲ್ಲಿ ಜಾರಿ ಮಾಡಬಹುದೆಂಬ ಬರಹ, ಪಡೆಯಬೇಕು. ಕೇಳಿಕೊಂಡಾಗ ಸ್ಥಳೀಯ ಪೊಲೀಸರು ನೆರವು ನೀಡತಕ್ಕದ್ದು ಎಂದು 81ನೇ ಕಲಂ ನಿಚ್ಚಳವಾಗಿ ಹೇಳುತ್ತದೆ. ಹಿಂಬರಹಕ್ಕೆ ಕಾದರೆ ಆಸಾಮಿ ಕೈತಪ್ಪುವನೆಂಬ ಸಂದರ್ಭದಲ್ಲಿ ಮಾತ್ರ ಅದಿಲ್ಲದೆ ಮುಂದುವರಿಯಬಹುದು. ಶೋಧನೆಗೂ ಹೀಗೆಯೇ. ಒಬ್ಬ ಠಾಣಾಧಿಕಾರಿ ಇನ್ನೊಬ್ಬ ಠಾಣಾಧಿಕಾರಿಯನ್ನು, ನಿಮ್ಮ ಸರಹದ್ದಿನ ಇಂಥ ಮನೆಯನ್ನು ಶೋಧಿಸಿ ಕೊಡಿ ಎಂದು ಕೋರಬಹುದು. ತಡವಾದರೆ ಸಾಕ್ಷ್ಯ ನಾಶವಾಗುತ್ತದೆ ಎಂದಾದರೆ ತಾನೇ ಹೋಗಿ ಶೋಧಿಸಬಹುದು. ಆದರೆ ತಾನೇ ಶೋಧಿಸಿದ ಮೇಲೆ ಆ ವ್ಯಾಪ್ತಿಯ ಠಾಣಾಧಿಕಾರಿಗೆ ಕೂಡಲೇ ನೋಟಿಸ್ ಕಳುಹಿಸಬೇಕು. ಇದು 186ನೇ ಕಲಂ. ಆದ್ದರಿಂದ ನೆರವು ಪರಿಚಯಕ್ಕೆ ಬಿಟ್ಟ ವಿಷಯವಲ್ಲ. ಪರಿಚಯವಿದ್ದರೆ ಕೆಲಸ ಬೇಗ ಆಗುತ್ತದೆ ಎಂಬುದೂ ನಿಜ.

ಅಮೆರಿಕದಲ್ಲಿ ಪಕ್ಕಪಕ್ಕದ ಊರುಗಳ ಪೊಲೀಸ್ ಇಲಾಖೆಗಳು ಪರಸ್ಪರ ನೆರವಿನ ಒಪ್ಪಂದಕ್ಕೆ ಸಹಿ ಹಾಕಿಕೊಳ್ಳುತ್ತವೆ, ನಮ್ಮಲ್ಲಿ ಏಕಿಲ್ಲ ಎಂದೂ ಕೇಳಿದ್ದೀರಿ. ಅಲ್ಲಿ ನಗರಕ್ಕೊಂದು, ಕೌಂಟಿಗೊಂದು ಸ್ವತಂತ್ರ ಇಲಾಖೆಯಿದೆ. ಒಪ್ಪಂದವಿಲ್ಲದಿದ್ದರೆ ಪಕ್ಕದ ಊರಿನಲ್ಲಿ ಅವರ ಅಧಿಕಾರಕ್ಕೇ ತೊಡಕು ಬರಬಹುದು. ನಮ್ಮಲ್ಲಿ 1963ರ ಕರ್ನಾಟಕ ಪೊಲೀಸ್ ಕಾಯ್ದೆಯಂತೆ ಇಡೀ ರಾಜ್ಯಕ್ಕೆ ಒಂದೇ ಪೊಲೀಸ್ ಬಲ. ಮೈಸೂರಿನ ದಸರೆಗೆ ಬೇರೆ ಜಿಲ್ಲೆಗಳಿಂದ ಬಂದೋಬಸ್ತಿಗೆ ಸಿಬ್ಬಂದಿ ಬರಲು ಮೇಲಧಿಕಾರಿಗಳ ಆದೇಶ ಸಾಕು, ಒಪ್ಪಂದ ಬೇಕಿಲ್ಲ. ನಮಗೆ ನಿಜವಾದ ಗಡಿ ಎಂದರೆ ರಾಜ್ಯದ ಗಡಿ.

ಆ ಗಡಿಯಲ್ಲಿ ಏನು ನಡೆಯುತ್ತದೆ ಎಂಬುದಕ್ಕೆ ನನ್ನ ಅನುಭವವನ್ನೇ ಹೇಳಬೇಕು. ಮದುವೆ ಮನೆಯಲ್ಲಿ ಒಡವೆ ಕದ್ದ ಪ್ರಕರಣವೊಂದರಲ್ಲಿ ಆರೋಪಿ ಗಡಿಯಾಚೆಯ ಹಳ್ಳಿಯಲ್ಲಿರುವ ಮಾಹಿತಿ ಸಿಕ್ಕಿತು. ನಾವು ನಾಲ್ವರು ಮಫ್ತಿಯಲ್ಲಿ, ರಾತ್ರಿ ಹನ್ನೊಂದರ ಮೇಲೆ, ಖಾಸಗಿ ಜೀಪಿನಲ್ಲಿ ಹೋದೆವು. ಅಲ್ಲಿನ ಠಾಣೆಗೆ ತಿಳಿಸಿದರೆ ಸುದ್ದಿ ಸೋರುತ್ತದೆಂಬ ಅನುಮಾನದಿಂದ ಯಾರಿಗೂ ತಿಳಿಸಲಿಲ್ಲ. ಬಾಗಿಲು ತಟ್ಟಿದ ಕೂಡಲೇ ಮನೆಯವರು ಕೂಗಿಕೊಂಡರು, ಕೇರಿಯೆಲ್ಲ ಎದ್ದು ಬಂದಿತು, ಮಕ್ಕಳನ್ನು ಕದಿಯುವವರು ಬಂದಿದ್ದಾರೆಂದು ಜೀಪಿಗೆ ಕಲ್ಲು ಬಿತ್ತು. ಆರೋಪಿ ಹಿತ್ತಲಿನಿಂದ ಓಡಿದ. ನೂಕಾಟದಲ್ಲಿ ಅವನ ವಯಸ್ಸಾದ ತಂದೆ ಜಗಲಿಯಿಂದ ಬಿದ್ದು ಮುಂಗೈ ಮುರಿದುಕೊಂಡರು. ಕೊನೆಗೆ ನಮ್ಮನ್ನು ಬಿಡಿಸಿದ್ದು ಯಾವ ಠಾಣೆಯನ್ನು ನಾವು ನಂಬಲಿಲ್ಲವೋ ಅದೇ ಠಾಣೆಯ ಸಹಾಯಕ ಸಬ್ ಇನ್‌ಸ್ಪೆಕ್ಟರ್. ಅವರು ಜನರನ್ನು ಸಮಾಧಾನ ಮಾಡಿದ್ದೂ ಕನ್ನಡದಲ್ಲಿಯೇ, ಏಕೆಂದರೆ ಆ ಹಳ್ಳಿಯ ಮನೆಮಾತು ಕನ್ನಡ. ಎರಡು ತಿಂಗಳ ನಂತರ ಅದೇ ಆರೋಪಿಗಾಗಿ ಮತ್ತೆ ಹೋದಾಗ ಮೊದಲು ಆ ಠಾಣೆಗೆ ಹೋಗಿ ಪತ್ರ ಕೊಟ್ಟೆವು. ಅವರ ಬೀಟ್ ಕಾನ್‌ಸ್ಟೇಬಲ್ ನಮ್ಮನ್ನು ಹಗಲಿನಲ್ಲೇ ಮನೆಗೆ ಕರೆದುಕೊಂಡು ಹೋದರು. ಆರೋಪಿಯ ಅಣ್ಣನೇ ತೋಟದಿಂದ ತಮ್ಮನನ್ನು ಕರೆಸಿ ಒಪ್ಪಿಸಿದ.

ಆರೋಪಿ ತಪ್ಪಿಸಿಕೊಂಡದ್ದಕ್ಕಿಂತ ಹೆಚ್ಚಾಗಿ ಇಂದಿಗೂ ನನ್ನನ್ನು ಕಾಡುವುದು ಆ ಹಿರಿಯರ ಕೈ. ಆ ರಾತ್ರಿ ನಾವು ಅಲ್ಲಿಗೆ ಹೋಗಿದ್ದೆವೆಂಬುದಕ್ಕೆ ಆಚೆಯ ಠಾಣೆಯಲ್ಲಿ ಒಂದು ಸಾಲಿನ ದಾಖಲೆಯೂ ಇರಲಿಲ್ಲ. ಅವರು ದೂರು ಕೊಡಲು ಹೋಗಿದ್ದರೆ ಯಾರ ಮೇಲೆ ಎಂದು ಬರೆಸಬೇಕಿತ್ತು? ಅಲ್ಲಿನವರು ನಮಗೆ ತಿಳಿಸಿಲ್ಲ ಎನ್ನುತ್ತಿದ್ದರು, ಇಲ್ಲಿನವರು ಅದು ನಮ್ಮ ಸರಹದ್ದಲ್ಲ ಎನ್ನುತ್ತಿದ್ದರು. ಸ್ಟೇಷನ್ ಡೈರಿಯಲ್ಲಿ ‘ಇಂಥ ಠಾಣೆಯ ಇಂಥವರು ಇಂಥ ಮೊಕದ್ದಮೆಯ ಸಲುವಾಗಿ ಇಷ್ಟು ಗಂಟೆಗೆ ಬಂದರು, ಇಷ್ಟು ಗಂಟೆಗೆ ಇಂಥವರನ್ನು ಕರೆದುಕೊಂಡು ಹೋದರು’ ಎಂದು ಬರೆಯುವುದು ಬಂದ ಪೊಲೀಸರಿಗೆ ರಕ್ಷಣೆ. ಅದಕ್ಕಿಂತ ಹೆಚ್ಚಾಗಿ ಊರಿನವರಿಗೆ ರಕ್ಷಣೆ. ಇದನ್ನು ನಾನು ಪುಸ್ತಕದಿಂದಲ್ಲ, ಆ ಜಗಲಿಯ ಮುಂದೆ ನಿಂತು ಕಲಿತೆ.

ನಮ್ಮ ಕಾಲದ ಅತಿ ದೊಡ್ಡ ಜಂಟಿ ಕಾರ್ಯಾಚರಣೆಯೂ ಇದನ್ನೇ ತೋರಿಸುತ್ತದೆ. ವೀರಪ್ಪನ್ ಹುಟ್ಟಿದ್ದು ಕರ್ನಾಟಕದ ಗೋಪಿನಾಥಂನಲ್ಲಿ. ಈಚೆ ಒತ್ತಡ ಹೆಚ್ಚಾದರೆ ಆಚೆ, ಆಚೆ ಹೆಚ್ಚಾದರೆ ಈಚೆ ಎಂದು ಅವನು ಗಡಿಯನ್ನೇ ಗುರಾಣಿ ಮಾಡಿಕೊಂಡಿದ್ದ. ಕಾಡಿಗೆ ರಾಜ್ಯದ ಗೆರೆ ಇರಲಿಲ್ಲ, ಪೊಲೀಸರಿಗೆ ಇತ್ತು. ಅದಕ್ಕಾಗಿಯೇ ಎರಡೂ ರಾಜ್ಯಗಳು ವಿಶೇಷ ಕಾರ್ಯಪಡೆಗಳನ್ನು ಕಟ್ಟಿ, ಅವು ಜೊತೆಯಾಗಿ ಕೆಲಸ ಮಾಡುವಂತೆ ಮಾಡಿದವು. ಆ ಜೊತೆಗಾರಿಕೆಗೆ ತೆತ್ತ ಬೆಲೆಯನ್ನು ಮರೆಯುವಂತಿಲ್ಲ. 1993ರ ಏಪ್ರಿಲ್ 9ರಂದು ಮಲೆ ಮಹದೇಶ್ವರ ಬೆಟ್ಟದ ಸೀಮೆಯ ಪಾಲಾರ್ ಬಳಿ ನಡೆದ ನೆಲಬಾಂಬ್ ಸ್ಫೋಟದಲ್ಲಿ 22 ಮಂದಿ ಸತ್ತರು. ಹೋಗುತ್ತಿದ್ದ ತಂಡದ ಮುಂದಾಳು ತಮಿಳುನಾಡಿನ ಅಧಿಕಾರಿ. ಮೊಕದ್ದಮೆಯ ವಿಚಾರಣೆ ನಡೆದದ್ದು ಮೈಸೂರಿನ ವಿಶೇಷ ನ್ಯಾಯಾಲಯದಲ್ಲಿ. 2000ದ ಜುಲೈ 30ರಂದು ಡಾ. ರಾಜ್‌ಕುಮಾರ್ ಅವರ ಅಪಹರಣವಾದದ್ದು ತಮಿಳುನಾಡಿಗೆ ಸೇರಿದ ಗಾಜನೂರಿನಲ್ಲಿ. 108 ದಿನ ತಳಮಳಿಸಿದ್ದು ಇಡೀ ಕರ್ನಾಟಕ. ಕೊನೆಗೆ 2004ರ ಅಕ್ಟೋಬರ್ 18ರಂದು ಧರ್ಮಪುರಿ ಜಿಲ್ಲೆಯ ಪಾಪಾರಪಟ್ಟಿಯ ಬಳಿ ತಮಿಳುನಾಡಿನ ಕಾರ್ಯಪಡೆ ಅವನನ್ನು ಹೊಡೆದುರುಳಿಸಿತು. ನನ್ನೊಂದಿಗೆ ಕೆಲಸ ಮಾಡಿದ ಹಲವರು ಆ ಕಾಡಿನಲ್ಲಿ ವರ್ಷಗಟ್ಟಲೆ ಇದ್ದವರು. ಅವರ ಕಷ್ಟವನ್ನು ನಾನು ಎಂದಿಗೂ ಹಗುರವಾಗಿ ಕಾಣಲಾರೆ.

ಆದರೂ ಅದೇ ಕಾರ್ಯಾಚರಣೆಯ ಇನ್ನೊಂದು ಮುಖವನ್ನು ಹೇಳದಿದ್ದರೆ ಈ ಉತ್ತರ ಅಪ್ರಾಮಾಣಿಕವಾಗುತ್ತದೆ. ಎರಡೂ ಕಡೆಯ ಹಳ್ಳಿಗಳ ಬಡ ಜನರು, ಅವರಲ್ಲೂ ಸೋಲಿಗರಂಥ ಕಾಡಿನ ಮಂದಿ, ತಮ್ಮನ್ನು ಅಕ್ರಮವಾಗಿ ಕೂಡಿಹಾಕಿ ಹಿಂಸಿಸಿದರೆಂದು ದೂರಿದರು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ. ಜೆ. ಸದಾಶಿವ ಅವರ ನೇತೃತ್ವದಲ್ಲಿ ಸಮಿತಿಯನ್ನು ನೇಮಿಸಿ ವಿಚಾರಣೆ ನಡೆಸಿತು; 2007ರಲ್ಲಿ 89 ಮಂದಿಗೆ ಒಟ್ಟು 2 ಕೋಟಿ 80 ಲಕ್ಷ ರೂಪಾಯಿ ಪರಿಹಾರ ನೀಡುವಂತೆ ಹೇಳಿತು. ಎರಡು ರಾಜ್ಯಗಳ ಪಡೆಗಳು ಒಂದೇ ಕಾಡಿನಲ್ಲಿ ಓಡಾಡುವಾಗ, ಯಾರನ್ನು ಯಾವ ಪಡೆ ಎಲ್ಲಿಂದ ಎಲ್ಲಿಗೆ ಒಯ್ದಿತು ಎಂಬುದು ಊರಿನ ಠಾಣೆಯ ಪುಸ್ತಕಕ್ಕೆ ಬರದಿದ್ದರೆ, ಮನೆಯವರು ಹುಡುಕಿಕೊಂಡು ಹೋಗಲು ಒಂದು ಬಾಗಿಲೂ ಉಳಿಯುವುದಿಲ್ಲ. ನೆರವು ಗಟ್ಟಿಯಾದಷ್ಟೂ ಲೆಕ್ಕ ಕೊಡುವ ಹೊಣೆಯೂ ಗಟ್ಟಿಯಾಗಬೇಕೆಂದು ನಾನು ಪಟ್ಟು ಹಿಡಿದು ಹೇಳುವುದು ಇದಕ್ಕಾಗಿ.

ಈಗಿನ ಕಾನೂನು ಆ ದಿಕ್ಕಿನಲ್ಲಿ ಸ್ವಲ್ಪ ಮುಂದೆ ಬಂದಿದೆ. ಬಂಧನದ ವಿಷಯವನ್ನೂ ಬಂಧಿತರನ್ನು ಇರಿಸಿರುವ ಸ್ಥಳವನ್ನೂ ಅವರ ಸಂಬಂಧಿಕರಿಗೆ ಅಥವಾ ಸ್ನೇಹಿತರಿಗೆ ಮಾತ್ರವಲ್ಲದೆ, ಜಿಲ್ಲೆಯಲ್ಲಿ ಇದಕ್ಕೆಂದೇ ಗೊತ್ತುಪಡಿಸಿದ ಪೊಲೀಸ್ ಅಧಿಕಾರಿಗೂ ತಿಳಿಸಬೇಕೆಂದು 48ನೇ ಕಲಂ ಹೇಳುತ್ತದೆ. ಬೇರೆ ಜಿಲ್ಲೆಯಲ್ಲಿ ವಾರಂಟ್ ಜಾರಿ ಮಾಡಿ ಬಂಧಿಸಿದರೆ, ಬಂಧಿತರು ಸಾಮಾನ್ಯವಾಗಿ ವಾಸವಾಗಿರುವ ಜಿಲ್ಲೆಯ ಪೊಲೀಸ್ ಅಧಿಕಾರಿಗೂ ಕೂಡಲೇ ಮಾಹಿತಿ ಹೋಗಬೇಕೆಂದು 82ನೇ ಕಲಮಿಗೆ ಹೊಸದಾಗಿ ಸೇರಿಸಿದ್ದಾರೆ. ಹೊರ ರಾಜ್ಯಕ್ಕೆ ಹೋಗುವ ತಂಡವು ಮೇಲಧಿಕಾರಿಯ ಅನುಮತಿ ಪಡೆಯಬೇಕು, ಗುರುತಿನ ಚೀಟಿ ಹೊಂದಿರಬೇಕು, ಸ್ಥಳೀಯ ಠಾಣೆಯನ್ನು ಸಂಪರ್ಕಿಸಬೇಕು, ಹೊರಡುವಾಗ ಯಾರನ್ನು ಕರೆದೊಯ್ಯುತ್ತಿದ್ದೇವೆಂದು ಅಲ್ಲಿನ ಡೈರಿಯಲ್ಲಿ ಬರೆಸಬೇಕು ಎಂಬ ಮಾರ್ಗಸೂಚಿಗಳನ್ನು ದೆಹಲಿ ಹೈಕೋರ್ಟ್ 2019ರಲ್ಲಿ ಅಂಗೀಕರಿಸಿತು. ಅದು ನೇರವಾಗಿ ನಮ್ಮ ರಾಜ್ಯದ ಮೇಲಿನ ಆದೇಶವಲ್ಲದಿದ್ದರೂ, ನಮ್ಮಲ್ಲಿ ಕೆಲಸ ಬಲ್ಲ ಅಧಿಕಾರಿಗಳು ಹೆಚ್ಚುಕಡಿಮೆ ಇದನ್ನೇ ಪಾಲಿಸುತ್ತಾರೆ.

ಟ್ರಾನ್ಸಿಟ್ ರಿಮಾಂಡ್, ಎಂದರೆ ಬಂಧಿತರನ್ನು ಬೇರೆಡೆಗೆ ಕರೆದೊಯ್ಯಲು ಮ್ಯಾಜಿಸ್ಟ್ರೇಟರು ಕೊಡುವ ಅನುಮತಿ, ಇದರ ಬಗ್ಗೆ ಒಂದು ಮಾತು. ಬಂಧಿಸಿದವರನ್ನು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂಬುದು ಸಂವಿಧಾನದ 22ನೇ ವಿಧಿಯ ಮಾತು. ಪ್ರಯಾಣಕ್ಕೆ ಬೇಕಾದ ಸಮಯ ಅದರಲ್ಲಿ ಸೇರುವುದಿಲ್ಲ. ದೂರದ ರಾಜ್ಯಕ್ಕೆ ಕರೆದೊಯ್ಯಬೇಕಾದರೆ ಬಂಧಿಸಿದ ಸ್ಥಳಕ್ಕೆ ಹತ್ತಿರದ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿ ಟ್ರಾನ್ಸಿಟ್ ರಿಮಾಂಡ್ ಪಡೆಯುವುದು ಸರಿಯಾದ ಕ್ರಮ. ಗಡಿಯಲ್ಲಿ ಮಾತ್ರ ಇದು ಬೇರೆಯೇ ಆಗಿ ಕಾಣುತ್ತದೆ. ತಮಿಳುನಾಡಿನ ತಾಳವಾಡಿ ಕಡೆಯ ಎಷ್ಟೋ ಹಳ್ಳಿಗಳಿಗೆ ಚಾಮರಾಜನಗರ ಹತ್ತಿರ. ಅವರದೇ ರಾಜ್ಯದ ಸತ್ಯಮಂಗಲಕ್ಕೆ ಹೋಗಬೇಕಾದರೆ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿಯಬೇಕು. ವಾರಂಟ್ ಹೊರಡಿಸಿದ ನ್ಯಾಯಾಲಯ ಬಂಧಿಸಿದ ಸ್ಥಳದಿಂದ 30 ಕಿಲೋಮೀಟರ್ ಒಳಗಿದ್ದರೆ ನೇರವಾಗಿ ಅಲ್ಲಿಗೇ ಕರೆದೊಯ್ಯಬಹುದೆಂದು ಕಾನೂನು ಹೇಳಿರುವುದು ಇಂಥ ಊರುಗಳಿಗೆ ಹೇಳಿ ಮಾಡಿಸಿದಂತಿದೆ. ಆದ್ದರಿಂದ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸದೆ ಗಡಿ ದಾಟಿಸಿದ ಮಾತ್ರಕ್ಕೆ ಎಲ್ಲವೂ ಅಕ್ರಮವೆಂದು ತೀರ್ಮಾನಿಸಬೇಡಿ. ದೂರ ಎಷ್ಟು, ವಾರಂಟ್ ಇತ್ತೇ ಎಂಬುದನ್ನು ಮೊದಲು ನೋಡಿ.

ಬಂಧನವೊಂದೇ ನೆರವಲ್ಲ. ಚುನಾವಣೆಗೆ ಮುನ್ನ ಗಡಿ ಜಿಲ್ಲೆಗಳ ಅಧಿಕಾರಿಗಳು ಜೊತೆಗೆ ಕುಳಿತು ಚೆಕ್‌ಪೋಸ್ಟ್, ಮದ್ಯ, ಹಣ, ಬಾಕಿ ವಾರಂಟ್‌ಗಳ ಪಟ್ಟಿಯನ್ನು ವಿನಿಮಯ ಮಾಡಿಕೊಳ್ಳುತ್ತಾರೆ. ಅಪರಿಚಿತ ಶವ ಸಿಕ್ಕರೆ ಮೊದಲು ಫೋಟೊ ಹೋಗುವುದು ಗಡಿಯಾಚೆಯ ಠಾಣೆಗೆ. ಅಪರಾಧ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಾದರೂ ದೂರು ಪಡೆದು ದಾಖಲಿಸಬೇಕೆಂಬ ಝೀರೋ ಎಫ್‌ಐಆರ್ ಈಗ 173ನೇ ಕಲಮಿನಲ್ಲಿಯೇ ಇದೆ. ಸರಹದ್ದಿನ ನೆಪ ಹೇಳಿ ದೂರುದಾರರನ್ನು ಅಲೆಸುವುದನ್ನು ನಾನು ಬಹಳ ಕಂಡಿದ್ದೇನೆ. ಈ ಒಂದು ಬದಲಾವಣೆ ನನಗೆ ನಿಜಕ್ಕೂ ಸಂತೋಷ ಕೊಟ್ಟಿದೆ.

ಈಗ ನಿಮ್ಮ ಸಂಬಂಧಿಕರ ವಿಷಯ. ನಮಗೆ ಗೊತ್ತಿಲ್ಲ ಎಂಬ ಬಾಯಿಮಾತನ್ನು ಕೇಳಿಕೊಂಡು ಹಿಂದಿರುಗಬೇಡಿ. ಯಾರು, ಎಷ್ಟು ಗಂಟೆಗೆ, ಯಾವ ನೋಂದಣಿ ಸಂಖ್ಯೆಯ ವಾಹನದಲ್ಲಿ ಕರೆದೊಯ್ದರು ಎಂಬುದನ್ನು ಬರೆದು ನಿಮ್ಮ ಠಾಣೆಗೆ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ; ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯ ಕಚೇರಿಗೂ ಒಂದು ಪ್ರತಿ ಕೊಡಿ. ಬಂಧನದ ಮಾಹಿತಿಗೆಂದು ಗೊತ್ತುಪಡಿಸಿದ ಅಧಿಕಾರಿ ಯಾರೆಂದು ಅಲ್ಲಿಯೇ ಕೇಳಿ. ಗಡಿಯಾಚೆಯ ಠಾಣೆಗೆ ದೂರವಾಣಿ ಮಾಡಿಸಿ ವಿಚಾರಿಸುವುದು ನಿಮ್ಮ ಠಾಣಾಧಿಕಾರಿಗೆ ಹತ್ತು ನಿಮಿಷದ ಕೆಲಸ. ವಿನಯದಿಂದ, ಆದರೆ ಬಿಡದೆ ಕೇಳಿ. ಬಂಧಿಸಿದ್ದರೆ ಬಂಧನದ ಮೆಮೊ ಇರಲೇಬೇಕು. ಅದಕ್ಕೆ ಮನೆಯವರೊಬ್ಬರ ಅಥವಾ ಊರಿನ ಗಣ್ಯರೊಬ್ಬರ ಸಾಕ್ಷಿ ಸಹಿ ಬೇಕು. ಒಂದು ದಿನ ಕಳೆದರೂ ಅವರು ಎಲ್ಲಿದ್ದಾರೆಂದು ಯಾರೂ ಹೇಳದಿದ್ದರೆ ವಕೀಲರ ಮೂಲಕ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ, ಎಂದರೆ ಹಿಡಿದಿಟ್ಟವರನ್ನು ನ್ಯಾಯಾಲಯದ ಮುಂದೆ ತರಿಸಿ ಎಂಬ ಅರ್ಜಿ, ಸಲ್ಲಿಸಬಹುದು. ಬೆಂಗಳೂರಲ್ಲದೆ ಧಾರವಾಡ, ಕಲಬುರಗಿಗಳಲ್ಲಿಯೂ ಪೀಠಗಳಿವೆ. ಆ ಅರ್ಜಿಯೊಂದಿಗೆ ನೀವು ಲಗತ್ತಿಸಬೇಕಾದ ಮೊದಲ ಕಾಗದ ಠಾಣೆಯಿಂದ ಪಡೆದ ಆ ಸ್ವೀಕೃತಿ. ಅದನ್ನು ಇಂದೇ ಪಡೆಯಿರಿ.