ಪಾರ್ಕಿನ ಹುಲ್ಲು ಬೆಳೆಯಲು ಬಿಡಬಹುದಾ?

ಪ್ರಶ್ನೆ: ನಮ್ಮ ಬಡಾವಣೆಯ ಪಾರ್ಕಿನ ಒಂದು ಮೂಲೆಯಲ್ಲಿ ಹುಲ್ಲು ಕತ್ತರಿಸದೆ ಬಿಟ್ಟು, ಕಾಡುಹೂ ಬೆಳೆಸಬೇಕೆಂದು ಕೆಲವರ ಆಸೆ. ಹಾವು, ಸೊಳ್ಳೆ ಬರುತ್ತವೆಂದು ಉಳಿದವರ ತಕರಾರು. ಬ್ರಿಟನ್ನಿನಲ್ಲಿ ಮೇ ತಿಂಗಳಿಡೀ ಹುಲ್ಲು ಕತ್ತರಿಸದೆ ಬಿಡುವವರಿದ್ದಾರಂತೆ. ನಾವೂ ಹಾಗೇ ಮಾಡೋಣವೇ? ಯಾವ ಬೀಜ ತರಬೇಕು?
- ಓದುಗರೊಬ್ಬರು, ಟಿಳಕವಾಡಿ, ಬೆಳಗಾವಿ

ಉತ್ತರ: ಮೇ ತಿಂಗಳಲ್ಲಿ ಬೆಳಗಾವಿಯಲ್ಲಿ ಕತ್ತರಿಸಲು ಹುಲ್ಲಾದರೂ ಎಲ್ಲಿರುತ್ತದೆ? ಅವರಿಗೆ ಅದು ವಸಂತ. ನಮ್ಮ ಲೆಕ್ಕ ಜೂನಿನ ಮಿರಗದ (ಮೃಗಶಿರಾ) ಮಳೆಯಿಂದ ಶುರು. ಅಲ್ಲಿಂದ ದೀಪಾವಳಿ ಕಳೆದು ಬೀಜ ಉದುರುವ ತನಕ ಆ ಮೂಲೆಗೆ ಕುಡಗೋಲು ಹಚ್ಚಬೇಡಿ.

ಬೀಜ ಯಾವುದೂ ಬೇಡ. ಕಾಡುಹೂ ಎಂದು ಮಾರುವ ಪ್ಯಾಕೆಟ್ಟಿನಲ್ಲಿ ಮೆಕ್ಸಿಕೊ ಮೂಲದ ಕಾಸ್ಮೋಸ್ ಇರುವುದುಂಟು. ಯಳ್ಳೂರಿನ ರಾಜಹಂಸಗಡದ ಗುಡ್ಡದಲ್ಲಿ ಯಾರು ಬಿತ್ತಿದ್ದಾರೆ ಹೇಳಿ? ತುಂಬೆ, ತಗಚಿ, ವಿಷ್ಣುಕ್ರಾಂತಿ ತಾವೇ ಏಳುತ್ತವೆ. ಶ್ರಾವಣದಲ್ಲಿ ತುಂಬೆ ಹೂವನ್ನು ಬಗ್ಗಿ ನೋಡಿ. ಕೆಳಗಿನ ಅಗಲ ಎಸಳಿನ ಮೇಲೆ ಜೇನು ಕೂತು ತಲೆ ತೂರಿಸಿದರೆ, ಮೇಲಿನ ರೋಮದ ಎಸಳಿನ ಅಡಿಯಿಂದ ಪರಾಗ ಅದರ ಬೆನ್ನಿಗೆ ಹತ್ತುತ್ತದೆ. ತಗಚಿ ಎಲೆ ತೂತಾಗಿದೆಯೆಂದು ಔಷಧಿ ಹೊಡೆಯಬೇಡಿ. ಎಲೆ ತಿನ್ನುವ ಆ ಹಸಿರು ಹುಳುವೇ ಮುಂದೆ ಹಳದಿ ಚಿಟ್ಟೆಯಾದೀತು.

ಗೊಬ್ಬರವಂತೂ ಬೇಡವೇ ಬೇಡ. ಮಣ್ಣು ಕೊಬ್ಬಿದಷ್ಟೂ ಹುಲ್ಲು ಜಾಸ್ತಿ, ಹೂ ಕಮ್ಮಿ. ಕೊಯ್ದ ಹುಲ್ಲು ಅಲ್ಲೇ ಕೊಳೆತರೆ ಅದೂ ಗೊಬ್ಬರವೇ. ಹಾಗಾಗಿ ಒಣಗಿಸಿ, ಬೀಜ ಝಾಡಿಸಿ, ಎಮ್ಮೆ ಕಟ್ಟಿದವರಿಗೆ ಕೊಟ್ಟುಬಿಡಿ. ಬೇಸಿಗೆಗೆ ಉಳಿಸಿದರೆ ಒಂದು ಬೀಡಿ ಕಿಡಿ ಸಾಕು.

ಆದರೆ ಸುಮ್ನೆ ಬಿಟ್ಟು ಮನೆಗೆ ಹೋದರೆ ಕಾಂಗ್ರೆಸ್ ಕಸ ಆ ಜಾಗವನ್ನೇ ನುಂಗುತ್ತದೆ. ಒಂದೊಂದು ಗಿಡ ಸಾವಿರಾರು ಬೀಜ ಚೆಲ್ಲುತ್ತದೆ. ಕೆಲವರಿಗೆ ಮೈ ತುರಿಕೆ, ದಮ್ಮು ಬರುವುದೂ ಅದರಿಂದಲೇ. ಹೂ ಬಿಡುವ ಮೊದಲು, ಮಣ್ಣು ಹಸಿ ಇದ್ದಾಗ, ಕೈಗವಸು ಹಾಕಿಕೊಂಡು ಬೇರು ಸಮೇತ ಕೀಳಬೇಕು. ಹೂವಿನ ಆಸೆ ಇದ್ದವರೆಲ್ಲ ಮಳೆಗಾಲದಲ್ಲಿ ವಾರಕ್ಕೊಮ್ಮೆ ಬಗ್ಗಲು ತಯಾರಿದ್ದಾರಾ? ಇಲ್ಲವಾದರೆ ಈಗಿನ ಹಾಗೇ ಕತ್ತರಿಸಿಕೊಂಡಿರಿ, ಅದೇ ವಾಸಿ.

ಸೊಳ್ಳೆ ಮರಿಮಾಡುವುದು ನಿಂತ ನೀರಿನಲ್ಲಿ. ಒಡೆದ ಕುಂಡ, ತೆಂಗಿನ ಚಿಪ್ಪು ತೆಗೆಸಿ. ಹಾವಿನ ಹೆದರಿಕೆ ಮಾತ್ರ ನ್ಯಾಯವೇ. ಕಾಲುದಾರಿ, ಮಕ್ಕಳ ಜೋಕಾಲಿಯ ಸುತ್ತ ನಾಲ್ಕು ಮಾರು ಹುಲ್ಲು ಗಿಡ್ಡ ಇರಲಿ. ಉಳಿದ ಚುರುಮುರಿ, ಅನ್ನ ಅಲ್ಲಿ ಚೆಲ್ಲಬೇಡಿ. ಇಲಿ ಬಂದರೆ ಹಿಂದೆಯೇ ಹಾವು.

ಮೊದಲು ಪಾಲಿಕೆಗೊಂದು ಅರ್ಜಿ ಕೊಡಿ, ಬೋರ್ಡೂ ನೆಡಿ. ಇಲ್ಲವಾದರೆ ಹೂ ಬಿಟ್ಟ ವಾರವೇ ಮಷಿನ್ ಹಿಡಿದವನು ಬಂದು ಎಲ್ಲ ಬೋಳಿಸಿ ಹೋಗುತ್ತಾನೆ. ಅವನದೇನೂ ತಪ್ಪಿಲ್ಲ, ಅಲ್ವಾ?